ನೀವು ಎನ್ನುವವಳು, ನೀನು ಎನ್ನುವವನು

2023ರ ಜುಲೈ ಕೊನೆಯಲ್ಲಿ ಗೃಹಲಕ್ಷ್ಮಿಗೆ ಅರ್ಜಿ ಹಾಕಿಸಲು ಅಮ್ಮನನ್ನು ಕರೆದುಕೊಂಡು ನಮ್ಮೂರಿನ ಗ್ರಾಮ ಒನ್ ಕೇಂದ್ರಕ್ಕೆ ಹೋಗಿದ್ದೆ. ರೇಷನ್ ಕಾರ್ಡು, ತನ್ನ ಆಧಾರ್, ಅಪ್ಪನ ಆಧಾರ್, ಬ್ಯಾಂಕಿನ ಪಾಸ್‌ಬುಕ್ಕು ಎಲ್ಲವನ್ನೂ ಬಟ್ಟೆಯಂಗಡಿಯ ಕವರೊಂದರಲ್ಲಿ ಸುತ್ತಿ ಸೆರಗಿನೊಳಗೆ ಹಿಡಿದುಕೊಂಡು ಅಮ್ಮ ಒಂದು ಗಂಟೆ ಸಾಲಿನಲ್ಲಿ ನಿಂತಿದ್ದಳು. ಕಂಪ್ಯೂಟರಿನ ಮುಂದೆ ಕೂತಿದ್ದ ಹುಡುಗ ತಲೆಯೆತ್ತದೆ, "ಮನೆ ಯಜಮಾನಿ ಯಾರಮ್ಮಾ?" ಎಂದು ಕೇಳಿದ. ಅಮ್ಮ ಗಾಬರಿಯಾಗಿ, "ನಮ್ಮೆಜಮಾನ್ರು ತೋಟದ ತಾವ್ಕೆ ಹೋಗವ್ರೆ ಕಣಪ್ಪ, ಅವ್ರೂ ಬರ್ಬೇಕಾ?" ಎಂದಳು. "ಅವರಲ್ಲಮ್ಮಾ, ಯಜಮಾನಿ. ಕಾರ್ಡಲ್ಲಿ ನಿಮ್ಮ ಹೆಸರೇ ಮೊದಲಿದೆ ನೋಡಿ" ಎಂದು ಹುಡುಗ ಪರದೆಯನ್ನು ಇತ್ತ ತಿರುಗಿಸಿದ. ಅಮ್ಮ ಪರದೆಯನ್ನು ನೋಡಲಿಲ್ಲ, ನನ್ನ ಮುಖ ನೋಡಿದಳು. ಐವತ್ತೆಂಟು ವರ್ಷ ಆ ಮನೆಯ ಒಲೆ, ಕೊಟ್ಟಿಗೆ, ಮಕ್ಕಳು, ಬಾಣಂತನ, ಅತ್ತೆ ಮಾವಂದಿರ ಕೊನೆಗಾಲ ಎಲ್ಲವನ್ನೂ ನಿಭಾಯಿಸಿದ ಹೆಂಗಸಿಗೆ ಆ ಪದ ತನ್ನ ಕಡೆಗೆ ಬಂದದ್ದು ಅಂದೇ ಮೊದಲು.

ಕಾನೂನಿನ ಮಟ್ಟಿಗೆ ಅದು ಹೊಸದಲ್ಲ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯೇ ಹದಿನೆಂಟು ತುಂಬಿದ ಹೆಂಗಸರಲ್ಲಿ ಹಿರಿಯಳಾದವಳನ್ನು ಪಡಿತರ ಚೀಟಿಯ ಉದ್ದೇಶಕ್ಕೆ ಮನೆಯ ಮುಖ್ಯಸ್ಥೆ ಎಂದು ಹೇಳಿತ್ತು. ಗೃಹಲಕ್ಷ್ಮಿ ಯೋಜನೆ ಆ ಚೀಟಿಯಲ್ಲಿದ್ದ ಹೆಸರಿಗೆ ತಿಂಗಳಿಗೆ 2000 ರೂಪಾಯಿಯನ್ನು ಜೋಡಿಸಿತು. ಯೋಜನೆ ಬರುವ ಮೊದಲು ಅತ್ತೆಗೋ ಸೊಸೆಗೋ ಎಂಬ ಮಾತು ಟಿವಿ ಚರ್ಚೆಗಳಲ್ಲಿ ದಿನಗಟ್ಟಲೆ ನಡೆದದ್ದು ನಿಮಗೂ ನೆನಪಿರಬಹುದು. ಹಣ ಯಾರ ಖಾತೆಗೆ ಎಂದು ಅಷ್ಟೊಂದು ಮಾತಾಡಿದ ನಾವು, ಮನೆಯೊಳಗೆ ಯಜಮಾನ ಎಂಬ ಪದ ಯಾರ ಖಾತೆಯಲ್ಲಿದೆ ಎಂದು ಮಾತಾಡಲೇ ಇಲ್ಲ. ಇಂದು ನಾನು ಬರೆಯಬೇಕೆಂದಿರುವುದು ಅದನ್ನೇ.

ಯಜಮಾನ ಎಂದರೆ ಮೂಲದಲ್ಲಿ ಯಜ್ಞ ಮಾಡಿಸುವವನು. ಪಕ್ಕದಲ್ಲಿ ಹೆಂಡತಿಯಿಲ್ಲದೆ ಅವನು ಯಜ್ಞಕ್ಕೆ ಕೂರುವಂತಿರಲಿಲ್ಲ. ಕನ್ನಡದ ಮನೆಗಳಿಗೆ ಬರುವ ಹೊತ್ತಿಗೆ ಆ ಪದ ಒಡೆಯ ಎಂಬ ಅರ್ಥ ಪಡೆದು, ಕೊನೆಗೆ ಗಂಡ ಎಂಬ ಅರ್ಥಕ್ಕೆ ಬಂದು ನಿಂತಿದೆ. ಕೆಲಸದಾಳು ಯಾರನ್ನು ಯಜಮಾನರು ಎನ್ನುತ್ತಾನೋ ಹೆಂಡತಿಯೂ ಅವರನ್ನೇ ಯಜಮಾನರು ಎನ್ನುತ್ತಾಳೆ, ಮತ್ತು ಎರಡೂ ಕಡೆ ಪದ ಒಂದೇ ಎನ್ನುವುದು ಯಾರ ಕಿವಿಗೂ ಚುಚ್ಚುವುದಿಲ್ಲ. ವಂಶ, ಆಸ್ತಿ ಹೆಣ್ಣಿನ ಕಡೆಯಿಂದ ಸಾಗುತ್ತಿದ್ದ ಕರಾವಳಿಯ ಅಳಿಯಸಂತಾನ ಕುಟುಂಬಗಳಲ್ಲಿ ಹೆಂಗಸು ಹಿರಿಯಳಾಗಿದ್ದರೆ ಅವಳನ್ನು ಎಜಮಾನ್ತಿ ಎನ್ನುತ್ತಿದ್ದರು. ಆಸ್ತಿಯ ವ್ಯವಹಾರ ಎಷ್ಟೋ ಕಡೆ ಸೋದರಮಾವನ ಕೈಯಲ್ಲೇ ಇತ್ತು ಎನ್ನುವುದು ನಿಜ, ಆದರೆ ಹೆಣ್ಣಿಗೆ ಸಲ್ಲುವ ಒಂದು ಪದವಾದರೂ ಅಲ್ಲಿ ಬಳಕೆಯಲ್ಲಿತ್ತು. ಬಯಲುಸೀಮೆಯ ನಮ್ಮ ಮನೆಗಳಲ್ಲಿ ಅದು ಸರ್ಕಾರದ ಅರ್ಜಿಯ ಮೂಲಕ ಬರಬೇಕಾಯಿತು.

ಯಜಮಾನ ಎಂಬ ಪದಕ್ಕಿಂತಲೂ ಹೆಚ್ಚು ಕೆಲಸ ಮಾಡುವುದು ನೀನು ಮತ್ತು ನೀವು ಎಂಬ ಎರಡು ಪದಗಳು. ಹೆಂಡತಿ ಗಂಡನಿಗೆ ನೀವು ಎನ್ನುತ್ತಾಳೆ, ಗಂಡ ಹೆಂಡತಿಗೆ ನೀನು ಎನ್ನುತ್ತಾನೆ. ಅವಳ ಕರೆ "ರೀ", ಅವನ ಕರೆ "ಲೇ" ಅಥವಾ "ಏಯ್", ಬಹಳ ಪ್ರೀತಿ ಬಂದರೆ ಹೆಸರು. ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆಂದು ನಂಬಿದ್ದ ತಲೆಮಾರು ಇನ್ನೂ ನಮ್ಮ ನಡುವೆ ಇದೆ. ಉತ್ತರ ಕರ್ನಾಟಕದ ನನ್ನ ಗೆಳತಿಯ ಮನೆಯ ಕುಬಸದಲ್ಲಿ, ಅಂದರೆ ಸೀಮಂತದಲ್ಲಿ, ಹೆಂಗಸರೆಲ್ಲ ಸೇರಿ "ಹೆಸರ ಹೇಳ, ಹೆಸರ ಹೇಳ" ಎಂದು ಬಸುರಿಯನ್ನು ಕಾಡಿದಾಗ, ಅವಳು ಮಲ್ಲಿಗೆ, ಹೊಳೆ, ಶ್ರಾವಣ ಎಲ್ಲವನ್ನೂ ಸುತ್ತಿ ಬಂದು ಕೊನೆಯ ಸಾಲಿನಲ್ಲಿ ಗಂಡನ ಹೆಸರನ್ನು ಒಡಪಿನಲ್ಲಿ ಇಳಿಸಿದ ಚೆಂದವನ್ನು ನಾನು ಮರೆತಿಲ್ಲ. ಆ ಒಡಪುಗಳನ್ನು ನಾನು ಪ್ರೀತಿಸುತ್ತೇನೆ. ಆದರೆ ಒಂದು ಹೆಸರನ್ನು ಬಾಯಿಬಿಟ್ಟು ಹೇಳಲು ಇಷ್ಟು ದಾರಿ ಸುತ್ತಬೇಕಾದವಳು ಅವಳು. ಅವನು ಅವಳ ಹೆಸರನ್ನು ದಿನಕ್ಕೆ ಹತ್ತು ಸಲ ಅಂಗಳದಿಂದಲೇ ಕೂಗಬಹುದು.

"ಏಕವಚನವೆಂದರೆ ಅಗೌರವವಲ್ಲ, ಸಲುಗೆ. ದೇವರನ್ನೂ ನಾವು ನೀನು ಎನ್ನುವುದಿಲ್ಲವೆ, ತಾಯಿಯನ್ನೂ ನೀನು ಎನ್ನುವುದಿಲ್ಲವೆ?" ಎಂದು ಈ ಮಾತು ತೆಗೆದಾಗಲೆಲ್ಲ ಯಾರಾದರೂ ಕೇಳುತ್ತಾರೆ. ಈ ಪ್ರಶ್ನೆಯನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ, ಏಕೆಂದರೆ ಅದರಲ್ಲಿ ಸತ್ಯವಿದೆ. ಅಮ್ಮನ ಜೊತೆಗಿನ ನನ್ನ ನೀನು ಎಂಬ ಮಾತಿನಲ್ಲಿರುವ ಆಪ್ತತೆ, ಅಪ್ಪನ ಜೊತೆಗಿನ ನೀವು ಎಂಬ ಮಾತಿನಲ್ಲಿ ಎಂದೂ ಬಂದಿಲ್ಲ. ಈ ಬರಹದಲ್ಲೂ ಅಮ್ಮ ನಿಂತಿದ್ದಳು, ಅಮ್ಮ ನೋಡಿದಳು ಎಂದೇ ಬರೆದಿದ್ದೇನೆ, ಅಪ್ಪನ ವಿಷಯ ಬಂದಿದ್ದರೆ ಕೈ ತಾನಾಗಿಯೇ ಬಂದರು, ಹೋದರು ಎಂದು ಬರೆಯುತ್ತಿತ್ತು. ಅಪ್ಪನಿಗೂ ಇದರಿಂದ ನಷ್ಟವಾಗಿದೆ ಎಂದು ನನಗೀಗ ಅನ್ನಿಸುತ್ತದೆ, ಏಕೆಂದರೆ ಆ ಬಹುವಚನದ ಆಚೆ ಕೂತ ಮನುಷ್ಯನ ಹತ್ತಿರ ನಾವು ಮಕ್ಕಳು ಯಾವ ಕಷ್ಟವನ್ನೂ ನೇರವಾಗಿ ಹೇಳಿಕೊಳ್ಳಲಿಲ್ಲ, ಎಲ್ಲವೂ ಅಮ್ಮನ ಮೂಲಕವೇ ಹೋಗುತ್ತಿತ್ತು. ನನ್ನ ತಕರಾರು ಏಕವಚನದ ಮೇಲಲ್ಲ. ಸಲುಗೆಯೇ ಆಗಿದ್ದರೆ ಅದು ಎರಡೂ ಕಡೆಯಿಂದ ಬರಬೇಕಿತ್ತು, ಗೌರವವೇ ಆಗಿದ್ದರೆ ಅದೂ ಎರಡೂ ಕಡೆಯಿಂದ ಬರಬೇಕಿತ್ತು. ಒಂದೇ ದಿಕ್ಕಿಗೆ ಹರಿಯುವ ಬಹುವಚನವನ್ನು ಬರೀ ಪ್ರೀತಿ ಎಂದು ಕರೆಯಲು ನನ್ನಿಂದ ಆಗುವುದಿಲ್ಲ.

ಇದು ಬರೀ ಮಾತಿನ ವಿಷಯವಲ್ಲವೆ, ಕೆಲಸ ಹಂಚಿಕೊಂಡರೆ ಸಾಲದೆ ಎಂದು ಕೇಳುವವರಿಗೆ ಒಂದು ಲೆಕ್ಕ ಹೇಳುತ್ತೇನೆ. ಕೇಂದ್ರ ಸರ್ಕಾರ 2019ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಹಾಗೆ ತೊಡಗಿದ ಗಂಡಸರು 97 ನಿಮಿಷ ಕಳೆಯುತ್ತಿದ್ದರು. 2024ರ ಸಮೀಕ್ಷೆಯಲ್ಲಿ ಅದು 289 ಮತ್ತು 88 ಆಯಿತು. ಹೆಂಗಸರ ಹೊರೆ ಹತ್ತು ನಿಮಿಷ ಇಳಿಯಿತು, ಗಂಡಸರದು ಒಂಬತ್ತು ನಿಮಿಷ. ಐದು ವರ್ಷಗಳಲ್ಲಿ ಇಬ್ಬರ ನಡುವಿನ ಅಂತರ 202 ನಿಮಿಷದಿಂದ 201ಕ್ಕೆ ಬಂದಿದೆ, ಅಂದರೆ ಒಂದೇ ಒಂದು ನಿಮಿಷ. ಆ 201 ನಿಮಿಷಕ್ಕೆ ಕಾರಣಗಳು ಹಲವು ಇವೆ, ಭಾಷೆ ಅವುಗಳಲ್ಲಿ ಒಂದು ಮಾತ್ರ ಎಂದು ನನಗೆ ಗೊತ್ತು. ಆದರೂ ಸಂಜೆ ಹೊತ್ತು ಒಂದು ಮನೆಯ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿ ನೋಡಿ. ಅವನ ವಾಕ್ಯ "ಕಾಫಿ ತಾ", ಅವಳ ವಾಕ್ಯ "ರೀ, ಒಂಚೂರು ಈ ಕುಕ್ಕರ್ ಇಳಿಸ್ತೀರಾ?". ಅವನದು ಅಪ್ಪಣೆ, ಅವಳದು ಪ್ರಶ್ನೆ, ಮತ್ತು ಪ್ರಶ್ನೆಗೆ ಇಲ್ಲ ಎನ್ನಬಹುದು. "ಬಾ, ಈ ಪಾತ್ರೆ ತೊಳಿ" ಎಂದು ಹೇಳಲು ಬೇಕಾದ ಕ್ರಿಯಾಪದ ಅವಳ ಬಾಯಿಗೆ ನಿಷಿದ್ಧವಾಗಿರುವಾಗ, ಕೇಳಿ ಕಾಯುವುದಕ್ಕಿಂತ ತಾನೇ ಮಾಡಿ ಮುಗಿಸುವುದು ಮೇಲೆಂದು ಅವಳಿಗೆ ಅನ್ನಿಸುವುದು ಸಹಜ.

ನಾನು ಹೊಟ್ಟೆಪಾಡಿಗೆ ಡಬ್ಬಿಂಗ್ ಸಂಭಾಷಣೆ ಬರೆಯುತ್ತೇನೆ. 2015ರಲ್ಲಿ, ವ್ಯಾಪಾರದ ಪೈಪೋಟಿಗೆ ಅಡ್ಡಿಯಾಗದಂತೆ ನೋಡಿಕೊಳ್ಳುವ ಕೇಂದ್ರದ ಸ್ಪರ್ಧಾ ಆಯೋಗವು, ಚಿತ್ರರಂಗದ ಸಂಘಗಳು ಡಬ್ಬಿಂಗ್ ತಡೆಯುವುದರ ವಿರುದ್ಧ ಆದೇಶ ನೀಡಿದ ಮೇಲೆ, ಬೇರೆ ಭಾಷೆಯ ಸಿನಿಮಾ, ಧಾರಾವಾಹಿಗಳು ನಿಧಾನವಾಗಿ ಕನ್ನಡಕ್ಕೆ ಬರತೊಡಗಿ ನಮ್ಮಂಥವರಿಗೆ ಕೆಲಸ ಸಿಕ್ಕಿತು. ಇಂಗ್ಲಿಷಿನಲ್ಲಿ ನೀನು, ನೀವು ಎರಡಕ್ಕೂ ಒಂದೇ ಪದ. ಗಂಡ ಹೆಂಡಿರು ಮಾತಾಡುವ ಪ್ರತಿಯೊಂದು ದೃಶ್ಯದಲ್ಲೂ ಯಾರು ಮೇಲೆ, ಯಾರು ಕೆಳಗೆ ಎಂಬ ತೀರ್ಮಾನವನ್ನು ಕನ್ನಡದಲ್ಲಿ ಬರೆಯುವವರೇ ಮಾಡಬೇಕಾಗುತ್ತದೆ. ಒಂದು ಧಾರಾವಾಹಿಯಲ್ಲಿ ಗಂಡ, ಹೆಂಡತಿ ಇಬ್ಬರೂ ಒಂದೇ ಆಸ್ಪತ್ರೆಯ ವೈದ್ಯರು, ಹುದ್ದೆಯಲ್ಲಿ ಅವಳೇ ಹಿರಿಯಳು. ಮಗುವನ್ನು ಶಾಲೆಯಿಂದ ಕರೆತರಲು ಮರೆತ ಅವನನ್ನು ಅವಳು ತರಾಟೆಗೆ ತೆಗೆದುಕೊಳ್ಳುವ ದೃಶ್ಯ. ನಾನು ಇಬ್ಬರಿಗೂ ನೀನು ಎಂದು ಬರೆದಿದ್ದೆ. ರೆಕಾರ್ಡಿಂಗ್ ದಿನ ಸ್ಟುಡಿಯೋದವರು, "ಮೇಡಂ, ಹೆಂಡ್ತಿ ಗಂಡನಿಗೆ ನೀನು ಅಂದ್ರೆ ನಮ್ಮ ಜನ ಒಪ್ಪಲ್ಲ, ನೀವು ಮಾಡ್ಕೊಡಿ" ಎಂದರು. ಕಾಗದದ ಮೇಲೆ ಅದು ಸಣ್ಣ ತಿದ್ದುಪಡಿ. ಆದರೆ "ಬಾಯ್ಮುಚ್ಚು" ಎಂದು ನಾನು ಬರೆದಿದ್ದ ಸಾಲು "ಸುಮ್ನಿರಿ ನೀವು" ಆಯಿತು, "ಎಲ್ಲಿ ಹಾಳಾಗಿ ಹೋಗಿದ್ದೆ?" ಎಂಬುದು "ಎಲ್ಲಿಗೆ ಹೋಗಿದ್ರಿ?" ಆಯಿತು. ಅವನ "ನಿಂಗೇನು ಗೊತ್ತು?" ಮಾತ್ರ ಹಾಗೆಯೇ ಉಳಿಯಿತು. ಮಾತು ಶುರುಮಾಡುವ ಮೊದಲು ಆ ನಟಿ ಅರೆಕ್ಷಣ ಬಾಯಿ ತೆರೆದು ಉಸಿರೆಳೆದುಕೊಳ್ಳುತ್ತಾಳೆ, ಮೂಲದಲ್ಲಿ ಅಲ್ಲಿ ಯಾವ ಪದವೂ ಇಲ್ಲ. ತುಟಿಯ ಚಲನೆಗೆ ಹೊಂದುತ್ತದೆಂದು ಅಲ್ಲೊಂದು "ರೀ" ಸೇರಿಸಿದರು. ಅವಳ ಸಿಟ್ಟು ಮುನಿಸಾಯಿತು. ಕನ್ನಡದಲ್ಲಿ ಆ ದೃಶ್ಯ ನೋಡಿದವರಿಗೆ ಕಂಡದ್ದು ಗಂಡನ ಬಳಿ ಗೋಳು ಹೇಳಿಕೊಳ್ಳುವ ಹೆಂಡತಿ. ಆ ತಿದ್ದುಪಡಿಯನ್ನು ಮಾಡಿಕೊಟ್ಟವಳು ನಾನೇ, ಕೆಲಸ ಕಳೆದುಕೊಳ್ಳುವ ಭಯವಿತ್ತು, ಈಗಲೂ ಅದು ನನ್ನನ್ನು ಕೊರೆಯುತ್ತದೆ.

ನಮ್ಮಲ್ಲೇ ಹುಟ್ಟಿದ ಧಾರಾವಾಹಿಗಳ ಮಾದರಿಯೂ ಬಹುಮಟ್ಟಿಗೆ ಇದೇ. ಕಾಲೇಜಿನಲ್ಲೋ ಆಫೀಸಿನಲ್ಲೋ ನಾಯಕನನ್ನು ಹೆಸರು ಹಿಡಿದು ಕರೆದು ಜಗಳವಾಡುತ್ತಿದ್ದ ಹುಡುಗಿ, ತಾಳಿ ಬಿದ್ದ ಮರುಕಂತಿನಿಂದ "ರೀ" ಎನ್ನತೊಡಗುತ್ತಾಳೆ. ಅವನ ಮಾತು ಎಳ್ಳಷ್ಟೂ ಬದಲಾಗುವುದಿಲ್ಲ. ಮದುವೆ ಎಂದರೆ ಒಬ್ಬಳ ವ್ಯಾಕರಣ ಮಾತ್ರ ಬದಲಾಗುವ ಘಟನೆ ಎಂದು ದಿನವೂ ರಾತ್ರಿ ಊಟದ ಹೊತ್ತಿಗೆ ಮಕ್ಕಳು ನೋಡಿ ಕಲಿಯುತ್ತಾರೆ. ಗಂಡನಿಗೆ ಏಕವಚನ ಬಳಸುವ ಹೆಂಡತಿ ಕಾಣಿಸಿಕೊಂಡರೆ ಹೆಚ್ಚಾಗಿ ಅವಳು ಖಳನಾಯಕಿ, ಇಲ್ಲವೆ ಹಾಸ್ಯದ ಬಜಾರಿ. ಹೆಂಡತಿಯ ಮಾತಿಗೆ ಬೆಲೆ ಕೊಡುವ ಗಂಡನಿಗೆ ನಾವು ಇಟ್ಟಿರುವ ಹೆಸರನ್ನೇ ನೋಡಿ, "ಅಮ್ಮಾವ್ರ ಗಂಡ". ಹೆಂಡತಿಗೆ ಕನ್ನಡ ಬಹುವಚನ ಕೊಟ್ಟದ್ದು ಗಂಡನನ್ನು ಹಂಗಿಸುವುದಕ್ಕೆ. ಅವಳಿಗೆ ಗೌರವ ಸಂದರೆ ಅವನ ಮಾನ ಹೋಯಿತು ಎಂಬ ಲೆಕ್ಕಾಚಾರ ಆ ಎರಡು ಪದಗಳಲ್ಲಿ ಅಡಗಿದೆ, ಮತ್ತು ಪಾತ್ರೆ ತೊಳೆಯಲು ಮನಸ್ಸಿರುವ ಎಷ್ಟೋ ಗಂಡಸರು ಅಕ್ಕಪಕ್ಕದವರು ಕಂಡಾರೆಂದು ಕಿಟಕಿ ಮುಚ್ಚಿ ತೊಳೆಯುವುದಕ್ಕೂ ಅದೇ ಕಾರಣ.

ನನ್ನ ತಂಗಿಯ ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಬಾಡಿಗೆ ಮನೆಯಲ್ಲಿ ಅವಳು, ಅವಳ ಗಂಡ ಪರಸ್ಪರ ಹೆಸರು ಹಿಡಿದೇ ಕರೆದುಕೊಳ್ಳುತ್ತಾರೆ, ಸಿಟ್ಟು ಬಂದರೆ "ಹೋಗೋ", "ಹೋಗೇ" ಎರಡೂ ಕೇಳಿಸುತ್ತವೆ. ಹಬ್ಬಕ್ಕೆ ಸಕಲೇಶಪುರದ ಬಳಿಯ ಅತ್ತೆಮನೆಗೆ ಹೋಗುವಾಗ ಮಾತ್ರ, "ಬಸ್ಸು ಹಾಸನ ದಾಟಿದ ಮೇಲೆ ನಾನು ಬೇರೆ ಕನ್ನಡ ಮಾತಾಡ್ತೀನಿ ದೊಡ್ಡಮ್ಮ, ಅವನು ಅದೇ ಕನ್ನಡ ಮಾತಾಡ್ತಾನೆ" ಎಂದು ಒಮ್ಮೆ ನನ್ನ ಬಳಿ ಹೇಳಿದಳು. ಹೇಳುವಾಗ ನಕ್ಕಳು, ಆದರೆ ಆ ನಗುವಿನಲ್ಲಿ ಆಯಾಸವಿತ್ತು. ಪ್ರತಿ ವಾಕ್ಯದ ಕೊನೆಯ ಪ್ರತ್ಯಯವನ್ನು ಬಾಯಿಗೆ ಬರುವ ಮೊದಲೇ ಹಿಡಿದು ತಿದ್ದಿಕೊಳ್ಳುವ ಮೂರು ದಿನಗಳ ಎಚ್ಚರ ಎಷ್ಟು ದಣಿಸುತ್ತದೆ ಎಂಬುದು, ಅದನ್ನು ಎಂದೂ ಮಾಡಬೇಕಾಗಿ ಬರದವರಿಗೆ ತಿಳಿಯುವುದು ಕಷ್ಟ.

ಕಳೆದ ಗೌರಿ ಹಬ್ಬಕ್ಕೆ ಹೊರಡುವ ಹಿಂದಿನ ರಾತ್ರಿ ಅಳಿಯನೇ, ಅವಳು ಕೇಳದೆ, ಒಂದು ಮಾತು ಹೇಳಿದನಂತೆ. ನೀನು ಅಲ್ಲಿ ನನಗೆ ನೀವು ಎನ್ನುವುದಾದರೆ ನಾನೂ ನಿನಗೆ ನೀವು ಎನ್ನುತ್ತೇನೆ ಎಂದು. ಮರುದಿನ ಮಧ್ಯಾಹ್ನ ಊಟದ ಎಲೆಯ ಮುಂದೆ, ತಂದೆ ತಾಯಿ, ಚಿಕ್ಕಪ್ಪಂದಿರೆಲ್ಲ ಕೂತಿರುವಾಗ ಅವನು, "ನೀವೂ ಕೂತ್ಕೊಳ್ಳಿ, ನಾನು ಬಡಿಸ್ತೀನಿ" ಎಂದ. ಯಾರೂ ಮಾತಾಡಲಿಲ್ಲ. ಅವನ ತಂದೆ ಎಲೆಯ ಮೇಲಿನ ಕಾಯಿಕಡುಬನ್ನು ಮುರಿದು ತುಪ್ಪ ಹಾಕಿಸಿಕೊಂಡರು. ಊಟವಾದ ಮೇಲೆ ಅಡುಗೆಮನೆಯಲ್ಲಿ ಅವಳ ಅತ್ತೆ ಉಳಿದ ಪಾಯಸವನ್ನು ಬೇರೆ ಪಾತ್ರೆಗೆ ಬಗ್ಗಿಸುತ್ತ, ಮುಖ ತಿರುಗಿಸದೆ, "ನಿನ್ಗೆ ನೀವು ಅಂದ್ನಲ್ಲ, ಅವ್ನ ಬಾಯಲ್ಲಿ ಅದು ಎಷ್ಟು ದಿನ ನಿಲ್ಲುತ್ತೋ ನೋಡಣ" ಎಂದರಂತೆ. ಮೂರು ದಿನವೂ ನಿಂತಿತು. ನಾಲ್ಕನೆಯ ದಿನ ಬೆಂಗಳೂರಿನ ಬಸ್ಸು ಹಾಸನ ಬಿಟ್ಟ ಮೇಲೆ ಇಬ್ಬರೂ ಮತ್ತೆ ಹೆಸರಿಗೆ ಮರಳಿದರು.