ಮೊಳೆಗೆ ವಿಕಿರಣ ತಗಲಿಲ್ಲ

ಮಂಗಳೂರಿನಲ್ಲಿ ಬಸ್‌ಸ್ಟಾಪಿಗಿಂತ ಆಸ್ಪತ್ರೆಗಳೇ ಜಾಸ್ತಿ ಅಲ್ವಾ? ಅದರಲ್ಲಿ ಒಂದಕ್ಕೆ ಸೊಂಟದ ಎಕ್ಸ್‌ರೇ ತೆಗೆಸಲು ಹೋಗಿದ್ದೆ. ಹೆಸರು ಬೇಡ ಬಿಡಿ.

ಚಹಾ ಫ್ಲಾಸ್ಕ್ ಇಡುವ ಮೂಲೆಯ ಮೊಳೆಯಲ್ಲಿ ಒಂದು ಕೊಡೆ, ಬೀಗದ ಕೈ, ಪಕ್ಕದಲ್ಲೇ ಟಿಎಲ್‌ಡಿ ಬ್ಯಾಡ್ಜ್. ಟೆಕ್ನೀಶಿಯನ್ ಎದೆಗೆ ಸಿಕ್ಕಿಸಿಕೊಳ್ಳಬೇಕಾದ ಬ್ಯಾಡ್ಜ್ ಅದು. ಮೂರು ತಿಂಗಳಿಗೊಮ್ಮೆ ಪರೀಕ್ಷೆಗೆ ಹೋಗಿ, ಅವರ ಮೈಗೆ ಎಷ್ಟು ವಿಕಿರಣ ತಗಲಿತು ಎಂದು ಲೆಕ್ಕ ಕೊಡುತ್ತದೆ.

"ಇದು ನೀವು ಹಾಕಿಕೊಳ್ಳೋದಲ್ವಾ?"

"ಹಾಕಿಕೊಂಡ್ರೆ ಎಲ್ಲಿಯಾದ್ರೂ ಬಿದ್ದು ಹೋಗ್ತದೆ ಸರ್. ಕಳೆದ್ರೆ ದುಡ್ಡು ಕಟ್ಟಬೇಕು. ಇಲ್ಲಿ ಜೋಪಾನವಾಗಿ ಉಂಟು."

ಹಾಗಾಗಿ ಪ್ರತಿ ಸಲವೂ ವರದಿ ಸೊನ್ನೆ. ಆ ಮೊಳೆಯಷ್ಟು ಆರೋಗ್ಯವಂತ ನೌಕರ ಇಡೀ ಜಿಲ್ಲೆಯಲ್ಲಿ ಸಿಗಲಿಕ್ಕಿಲ್ಲ.

ವಿಕಿರಣದ ಲೆಕ್ಕ ರಕ್ತದಲ್ಲೂ ಉಳಿಯುತ್ತದೆ. ಅದು ಮಾತ್ರ ಮೊಳೆಗೆ ತೂಗುಹಾಕುವ ಸಾಮಾನಲ್ಲ. ವಿಕಿರಣ ಬಿಳಿ ರಕ್ತಕಣದೊಳಗಿನ ಕ್ರೋಮೋಸೋಮನ್ನು, ಅಂದರೆ ವಂಶವಾಹಿಗಳನ್ನು ಹೊತ್ತ ದಾರವನ್ನು, ಕತ್ತರಿಸುತ್ತದೆ. ತುಂಡುಗಳು ಅವಸರದಲ್ಲಿ ಕೂಡಿಕೊಳ್ಳುವಾಗ ಯಾರ ಬಾಲವೋ ಯಾರ ತಲೆಗೋ ಅಂಟುತ್ತದೆ. ಕ್ರೋಮೋಸೋಮಿಗೂ ಒಂದು ಸೊಂಟ ಉಂಟು, ಸೆಂಟ್ರೋಮಿಯರ್ ಎಂಬ ಬಿಗಿದ ಭಾಗ. ಹೀಗೆ ಅಂಟಿಕೊಂಡ ಕೆಲವಕ್ಕೆ ಒಂದು ಸೊಂಟದ ಬದಲು ಎರಡು. ನನ್ನ ಒಂದೇ ಸೊಂಟ ಇಷ್ಟು ಕಾಡುತ್ತಿರುವಾಗ ಎರಡಿದ್ದವರ ಪಾಡು ಏನು ಮಾರಾಯ್ರೆ! ಲ್ಯಾಬಿನಲ್ಲಿ ರಕ್ತವನ್ನು 48 ಗಂಟೆ ಬೆಳೆಸಿ, ಮೈಕ್ರೋಸ್ಕೋಪಿನಲ್ಲಿ ಇಂಥವನ್ನು ಎಣಿಸುತ್ತಾರೆ. ವಿಕಿರಣದ ಕೆಲಸ ಮಾಡದವರಲ್ಲಿ ಸಾವಿರ ಕಣಕ್ಕೆ ಒಂದೋ ಎರಡೋ ಸಿಕ್ಕರೆ ಹೆಚ್ಚು. ಎರಡು ಸೊಂಟದವು ಕೆಲವು ವರ್ಷಗಳಲ್ಲಿ ಕಡಿಮೆಯಾಗುತ್ತವೆ. ತುಂಡು ಅದಲುಬದಲಾದವು ಮಾತ್ರ ಎಷ್ಟೋ ಕಾಲ ಉಳಿಯುತ್ತವೆ. ಅಣು ಸ್ಥಾವರದ ಕೆಲಸಗಾರರ ಹಳೆಯ ಲೆಕ್ಕ ಹುಡುಕುವುದು ಅವುಗಳಲ್ಲೇ.

ಈ ರಕ್ತಪರೀಕ್ಷೆ ನಮ್ಮಲ್ಲೂ ಉಂಟು. ಯಾವಾಗ ಗೊತ್ತಾ? ಬ್ಯಾಡ್ಜ್‌ನಲ್ಲಿ ಲೆಕ್ಕ ವಿಪರೀತ ಬಂದಾಗ. "ಬ್ಯಾಡ್ಜ್ ಎಕ್ಸ್‌ರೇ ರೂಮಿನಲ್ಲೇ ಮರೆತುಹೋಗಿತ್ತು" ಎಂದು ಕೆಲಸಗಾರ ಹೇಳಿದರೆ, ನಿಜವೋ ಸುಳ್ಳೋ ರಕ್ತ ಹೇಳಬೇಕು. ಬ್ಯಾಡ್ಜ್ ಸೊನ್ನೆ ಅಂದರೆ? ಆಗ ರಕ್ತದ ಸಾಕ್ಷಿ ಯಾರಿಗೂ ಬೇಡ.

ನಿಯಮವೂ ತಮಾಷೆಯದ್ದೇ. ಮೈಗೆ ತಗಲುವ ವಿಕಿರಣವನ್ನು ಮಿಲಿಸೀವರ್ಟ್‌ನಲ್ಲಿ ಅಳೆಯುತ್ತಾರೆ. ನಮ್ಮ ನಿಮ್ಮಂಥವರಿಗೆ ವರ್ಷಕ್ಕೆ 1 ಮಿಲಿಸೀವರ್ಟ್ ಮಿತಿ. ವಿಕಿರಣದ ಕೆಲಸಗಾರರಿಗೆ ಐದು ವರ್ಷದ ಸರಾಸರಿ 20, ಯಾವ ವರ್ಷವೂ 30 ದಾಟಬಾರದು. ಬೆಳಿಗ್ಗೆ ಕೈಗಾದ ಗೇಟು ದಾಟಿದ ಕೂಡಲೇ ಕ್ರೋಮೋಸೋಮು ಇಪ್ಪತ್ತು ಪಟ್ಟು ಗಟ್ಟಿಯಾಗುತ್ತದೆ, ಸಂಜೆ ಹೊರಗೆ ಬಂದಾಗ ಮತ್ತೆ ಮೆತ್ತಗಾಗುತ್ತದೆ. ಸಂಬಳದ ಜೊತೆ ಕೊಡುತ್ತಾರೋ ಏನೋ.

"ನಿಮ್ಮ ರಕ್ತ ಒಮ್ಮೆ ಪರೀಕ್ಷೆ ಮಾಡಿಸಬಾರದಾ?" ಎಂದು ಟೆಕ್ನೀಶಿಯನ್ನರನ್ನು ಕೇಳಿದೆ.

"ಎಂತಕ್ಕೆ ಸರ್? ಹದಿನೈದು ವರ್ಷದಿಂದ ಸೊನ್ನೆಯೇ ಬರ್ತಾ ಉಂಟು," ಎಂದರು. ಬ್ಯಾಡ್ಜಿನ ಧೂಳನ್ನು ಕರ್ಚೀಫಿನಲ್ಲಿ ಒರೆಸಿ, ಮೆಲ್ಲಗೆ ಅದೇ ಮೊಳೆಗೆ ಸಿಕ್ಕಿಸಿದರು. ನನಗೆ ಉಸಿರು ಬಿಗಿಹಿಡಿಯಲು ಹೇಳಿ ಬಟನ್ ಒತ್ತಿದರು.