ಅವನಿಗೆ ಗೊತ್ತಾಗದ ಹಾಗೆ

ಅತ್ತೆಯ ಬಿಪಿ ಮಾತ್ರೆ ತರೋಕೆ ನಮ್ಮ ತುಮಕೂರಿನ ಎಸ್.ಎಸ್. ಪುರಂಗೆ ಹೋಗಿದ್ದೆ. ಬಂದಾಗಿನಿಂದ ತಲೆ ಕೆಟ್ಟಿದೆ, ಬರೆದೇ ಬಿಡ್ತೀನಿ.

ಮೆಡಿಕಲ್ ಸ್ಟೋರಲ್ಲಿ ಪಕ್ಕ ನಿಂತಿದ್ದ ಹೆಂಗಸು ನಾನು ಯಾವಾಗ ಜಾಗ ಖಾಲಿ ಮಾಡ್ತೀನೋ ಅಂತ ಕಾಯ್ತಿದ್ರು. ನಾನು ಕದಲಲಿಲ್ಲ (ನನ್ನ ಬುದ್ಧಿ ನಿಮಗೆ ಗೊತ್ತೇ ಇದೆ). ಕೊನೆಗೆ ಪಿಸುಗುಟ್ಟಿದ್ರು: "ಅಣ್ಣಾ, ಗಾಂಜಾ ಸೇದಿದ್ರೆ ತೋರ್ಸೋ ಕಿಟ್ ಬರುತ್ತಂತಲ್ಲ... ಹುಡುಗನಿಗೆ ಗೊತ್ತಾಗದ ಹಾಗೆ ನೋಡ್ಬೋದಾ?"

"ಮೂತ್ರ ಬೇಕಲ್ಲಕ್ಕ, ಹೆಂಗೆ ಗೊತ್ತಾಗಲ್ಲ?" ಅಂದ ಅಂಗಡಿಯವನು.

ಗೊತ್ತಾಗದ ಹಾಗೆ ಬ್ಯಾಗ್ ಜಾಲಾಡೋದು. ಗೊತ್ತಾಗದ ಹಾಗೆ ಮೊಬೈಲ್ ನೋಡೋದು. ಗೊತ್ತಾಗದ ಹಾಗೆ ಟ್ಯೂಷನ್ ಸರ್‌ಗೆ ಫೋನು. ಪೊಲೀಸ್ ಠಾಣೆಯಲ್ಲಾದ್ರೂ ಎದುರಿಗೆ ಕೂರಿಸಿ ಕೇಳ್ತಾರೆ ಕಣ್ರೀ!

ಹದಿನೆಂಟು ವರ್ಷದಿಂದ ಪಿಯು ಹುಡುಗರಿಗೆ ಕೆಮಿಸ್ಟ್ರಿ ಹೇಳ್ಕೊಡ್ತಿರೋಳು ಹೇಳ್ತೀನಿ, ಕೇಳಿ. ಗಾಂಜಾದ ಅಂಶ ದೇಹದ ಕೊಬ್ಬಲ್ಲಿ ಕೂತ್ಕೊಳ್ಳುತ್ತೆ. ದಿನಾ ಸೇದ್ತಿದ್ದವನು ಬಿಟ್ಟು ವಾರಗಳಾದ್ರೂ ಪಾಸಿಟಿವ್ ಬರಬಹುದು. ಬಿಟ್ಟ ತಪ್ಪಿಗೆ ಅವನಿಗೆ ಕಪಾಳಮೋಕ್ಷ. ವೈಟ್ನರ್, ಪಂಕ್ಚರ್ ಸಲ್ಯೂಷನ್ ಮೂಸೋನು ಅದೇ ಕಿಟ್ಟಲ್ಲಿ ನೆಗೆಟಿವ್, ಅವರ ಮನೇಲಿ ಸಿಹಿ ಊಟ. ಇನ್ನು ಅಫೀಮಿನ ಟೆಸ್ಟ್ ಅಂತೂ ಗಸಗಸೆ ಪಾಯಸ ಕುಡಿದವರಿಗೂ ಕೆಲವೊಮ್ಮೆ ಪಾಸಿಟಿವ್ ತೋರಿಸುತ್ತೆ. ಆ ಲೆಕ್ಕದಲ್ಲಿ ಮೊದಲು ನಮ್ಮತ್ತೇನ ಹಿಡೀಬೇಕು.

"ಕೇಳಿದ್ರೆ ನಿಜ ಹೇಳ್ತಾರಾ ಮೇಡಂ?" ಅಂತೀರಿ. ಹೇಳಲ್ಲ. ಮೂರನೇ ಸಲ ಕೇಳಿದ್ರೂ ಹೇಳಲ್ಲ. ಕ್ಲಾಸಿಗೆ ಚಕ್ಕರ್ ಹೊಡೆದು ದೇವರಾಯನದುರ್ಗಕ್ಕೆ ಹೋಗಿದ್ದನ್ನ ನಾವು ಅಪ್ಪನ ಹತ್ರ ಹೇಳಿದ್ವಾ? ಆದ್ರೆ ಕಿಟ್ಟಲ್ಲಿ ಪಾಸಿಟಿವ್ ನೋಡಿದ ಮೇಲೆ ಏನ್ ಮಾಡ್ತೀರಿ? ಆಗಲೂ ಕೇಳಲೇಬೇಕಲ್ಲ? ಅಷ್ಟೊತ್ತಿಗೆ ಅವನ ಪಾಲಿಗೆ ನೀವು ಕಳ್ಳರು.

ಪೊಲೀಸು, ಕೇಸು, ಜನ ಏನಂತಾರೋ ಅನ್ನೋ ಭಯ ಬೇರೆ. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲೇ (ಮಾದಕ ವಸ್ತುಗಳ ಕಾನೂನು) 64ಎ ಅಂತ ಒಂದು ಕಲಂ ಇದೆ. ಚಟಕ್ಕೆ ಬಿದ್ದು ಸೇವನೆ ಕೇಸಲ್ಲಿ ಸಿಕ್ಕವನು ತಾನಾಗಿ ಸರ್ಕಾರಿ ಚಿಕಿತ್ಸೆಗೆ ಸೇರಿದ್ರೆ ಮೊಕದ್ದಮೆಯಿಂದ ರಕ್ಷಣೆ ಕೊಡೋ ಕಲಂ. ವ್ಯಸನಮುಕ್ತಿ ಸಹಾಯವಾಣಿ 14446 ಇದೆ. 70 ಕಿಲೋಮೀಟರ್ ಆಚೆ ನಿಮ್ಹಾನ್ಸ್ ಇದೆ, ವ್ಯಸನಕ್ಕೇ ಅಂತ ಅಲ್ಲಿ ಬೇರೆ ವಿಭಾಗ ಇದೆ. ಮದುವೆ ಸೀರೆಗೆ ಬೆಂಗಳೂರಿಗೆ ಮೂರು ಸಲ ಹೋಗ್ತೀವಿ, ಇದಕ್ಕೆ ಮಾತ್ರ "ಯಾರಾದ್ರೂ ನೋಡಿದ್ರೆ?"

ಇಷ್ಟೆಲ್ಲ ಮಾತಾಡೋ ನಾನು ಆ ಹೆಂಗಸಿಗೆ ಏನಾದ್ರೂ ಹೇಳಿದ್ನಾ? ಇಲ್ಲ. ಮಾತ್ರೆ ತಗೊಂಡು ಸುಮ್ಮನೆ ಬಂದೆ.

ಯಾಕೆ ಅಂದ್ರೆ, ಹೋದ ವರ್ಷ ವಾಷಿಂಗ್ ಮೆಷಿನ್ ಮುಂದೆ ನಿಂತು ನನ್ನ ಮಗನ ಶರ್ಟು ಮೂಸ್ತಿದ್ದೆ. ಕಾಲರು, ಜೇಬು, ತೋಳು. ತಿರುಗಿ ನೋಡಿದ್ರೆ ಬಾಗಿಲಲ್ಲಿ ನಿಂತಿದ್ದ. ಬೆವರಿನ ವಾಸನೆ ಬಿಟ್ಟು ಬೇರೇನೂ ಇರಲಿಲ್ಲ. ಅವನು ಏನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅವತ್ತಿಂದ ಅವನ ಬಟ್ಟೆ ಅವನೇ ಒಗ್ಕೊಳ್ತಾನೆ. ಮನೆಗೆ ಬಂದೋರೆಲ್ಲ, ಎಷ್ಟು ಒಳ್ಳೆ ಹುಡುಗ ಅಂತಾರೆ.