ಶುಕ್ರ ಮುಳುಗಿದೆ ಎಂದ ರಿಮೋಟು

ಕಂಪ್ಯೂಟರ್ ಇರುವ ಟೆಲಿಸ್ಕೋಪಿನಲ್ಲಿ ಶನಿಯನ್ನು ಹುಡುಕುವುದು ಬಹಳ ಸುಲಭ. ರಿಮೋಟಿನಲ್ಲಿ ಶನಿ ಎಂದು ಆರಿಸಿ ಒತ್ತಿದರೆ ಮೋಟಾರು ಗುರ್ ಎನ್ನುತ್ತಾ ಕೊಳವೆಯನ್ನು ಅತ್ತ ತಿರುಗಿಸುತ್ತದೆ. ಆದರೆ ಅದಕ್ಕೆ ಮೊದಲು ನಾವೇ ಒಂದೋ ಎರಡೋ ನಕ್ಷತ್ರ ಹುಡುಕಿ ಅದಕ್ಕೆ ತೋರಿಸಬೇಕು. ಅಷ್ಟು ನಕ್ಷತ್ರ ಗೊತ್ತಿರುವವನಿಗೆ ಕಂಪ್ಯೂಟರ್ ಯಾಕೆ ಬೇಕು? ಹೀಗೆಲ್ಲ ಕೇಳಬಾರದು. ಕೇಳಿದರೆ ಅಕ್ಕನ ಮಗನಿಗೆ ಸಿಟ್ಟು ಬರುತ್ತದೆ. ಟೆಲಿಸ್ಕೋಪ್ ಅವನದು.

2024ರ ಡಿಸೆಂಬರ್ 6ರ ಸಂಜೆ ಅವನು ಅದನ್ನು ಶಿರಸಿ ಹತ್ತಿರದ ನಮ್ಮ ಮನೆಯ ಅಂಗಳದಲ್ಲಿ ನಿಲ್ಲಿಸಿದ. ಬೆಂಗಳೂರಲ್ಲಿ ಆಕಾಶ ಬೆಳಕಾಗಿರುತ್ತದೆ, ಇಲ್ಲಿ ಕತ್ತಲಿರುತ್ತದೆ ಎಂಬುದು ಅವನ ಲೆಕ್ಕ. ಡಿಸೆಂಬರಿನಲ್ಲಿ ಅಡಿಕೆ ಮನೆಯ ಅಂಗಳ ಕತ್ತಲಿರುವುದುಂಟೇ? ಚಪ್ಪರದ ಕೆಳಗೆ ದೊಡ್ಡ ಬಲ್ಬು ಹಾಕಿಕೊಂಡು ಅಡಿಕೆ ಸುಲಿಯುತ್ತಿದ್ದರು. ಲೈಟ್ ತೆಗೆಯಿರಿ ಅಂದ. “ತೆಗಿರಿ ತೆಗಿರಿ. ನಾಳೆ ಅಡಿಕೆ ಜೊತೆ ನಮ್ಮ ಬೆರಳೂ ಒಣಗಿಸಿ” ಎಂದಳು ಮೆಟ್ಟುಗತ್ತಿಯ ಮೇಲೆ ಕುಳಿತಿದ್ದ ಒಬ್ಬಾಕೆ. ಟೆಲಿಸ್ಕೋಪೇ ಕೊಟ್ಟಿಗೆಯ ಹಿಂದಕ್ಕೆ ಹೋಯಿತು.

ಯಂತ್ರ ಊರು ಕೇಳಿತು, ಗಂಟೆ ಕೇಳಿತು, ತಾರೀಖು ಕೇಳಿತು. ಎಲ್ಲ ಕೊಟ್ಟ ಮೇಲೆ, ಸ್ವಾತಿ ನಕ್ಷತ್ರ ತೋರಿಸು ಅಂದಿತು. ಹುಡುಗ ಪೂರ್ವದಲ್ಲಿ ಹೊಳೆಯುತ್ತಿದ್ದ ಒಂದನ್ನು ಸ್ವಾತಿ ಎಂದು ಒಪ್ಪಿಸಿದ. ಅದೂ ಒಪ್ಪಿತು! ನಂತರ ಶುಕ್ರವನ್ನು ಕೇಳಿದರೆ ‘ದಿಗಂತದ ಕೆಳಗಿದೆ’ ಎಂಬ ಉತ್ತರ. ಶುಕ್ರ ನಮ್ಮೆದುರೇ ತೋಟದ ನೆತ್ತಿಯಲ್ಲಿ ಪೆಟ್ರೋಮ್ಯಾಕ್ಸಿನಂತೆ ಉರಿಯುತ್ತಿತ್ತು. ಶನಿ? ದಿಗಂತದ ಕೆಳಗೆ. ಗುರು? ಅದೂ ಕೆಳಗೆ. 40,000 ಆಕಾಶಕಾಯಗಳ ಪಟ್ಟಿ ಇಟ್ಟುಕೊಂಡ ರಿಮೋಟಿನ ಪ್ರಕಾರ ಆ ಹೊತ್ತಿಗೆ ಶಿರಸಿಯ ಮೇಲೆ ಒಂದೂ ಗ್ರಹ ಇರಲಿಲ್ಲ. ದಕ್ಷಿಣ ದಿಕ್ಕು ನೋಡು ಅಂದರೆ ಕೊಳವೆ ಗೊಬ್ಬರಗುಂಡಿ ನೋಡುತ್ತಿತ್ತು.

ದೊಡ್ಡಪ್ಪ ಕವಳ ಹಾಕಿಕೊಂಡು ಬಂದ. ಶನಿಯನ್ನು ಹುಡುಕಿಕೊಂಡು ಹೋಗುವುದೇ ಅವನಿಗೆ ಸರಿ ಕಂಡಿರಲಿಲ್ಲ. ಅವನೇ ಬರುವವನು, ಸುಮ್ನೆ ಯಾಕೆ ಕರೆಯುವುದು? ಆದರೂ ಜಗುಲಿಯ ಮೊಳೆಗೆ ತೂಗುವ ಪಂಚಾಂಗದಲ್ಲಿ ಎಲ್ಲ ಇತ್ತು. ಶನಿ ಕುಂಭದಲ್ಲಿ, ಗುರು ವೃಷಭದಲ್ಲಿ, ಶುಕ್ರ ಮಕರದಲ್ಲಿ. ಅವನು ಬೆರಳೆತ್ತಿ ಮೂರನ್ನೂ ತೋರಿಸಿಬಿಟ್ಟ. ಹುಡುಗ ಸ್ವಾತಿ ಎಂದು ಒಪ್ಪಿಸಿದ್ದು ಸಾಕ್ಷಾತ್ ಗುರುವನ್ನೇ.

“ಸ್ವಾತಿ ಈಗೆಲ್ಲಿ ಇದ್ದು ತಮಾ? ಅದು ಹುಟ್ಟೂದು ಬೆಳಗಿನ ಜಾವಕ್ಕೆ. ಸಂಜೆ ನೆತ್ತಿ ಮೇಲೆ ಬೇಕಾದ್ರೆ ಜೂನ್ ಬರವು” ಅಂದ ದೊಡ್ಡಪ್ಪ.

ಜೂನ್ ಎಂಬ ಮಾತಿಗೆ ಹುಡುಗನ ಕಿವಿ ನೆಟ್ಟಗಾಯಿತು. ಆ ರಿಮೋಟು ಅಮೆರಿಕದ ಪದ್ಧತಿಯದು, ಮೊದಲು ತಿಂಗಳು, ಆಮೇಲೆ ದಿನ. ಇವನು ನಮ್ಮ ರೂಢಿಯಂತೆ 06-12 ಒತ್ತಿದ್ದಾನೆ. ಯಂತ್ರ ಪಾಪ ಜೂನ್ 12ರಲ್ಲಿ ನಿಂತಿತ್ತು. ಮಿರ್ಗದ ಮಳೆಯ ಶಿರಸಿಯಲ್ಲಿ ಗ್ರಹ ಬಿಡಿ, ಆಚೆಮನೆಯೇ ಕಾಣುವುದಿಲ್ಲ. ಒಂದು ರೀತಿಯಲ್ಲಿ ಅದು ಹೇಳಿದ್ದು ಸರಿಯೇ ಅಲ್ವಾ?

ತಾರೀಖು ಸರಿ ಮಾಡಿದ ಮೇಲೆ ಯಂತ್ರ ಅಭಿಜಿತ್ ನಕ್ಷತ್ರ ಕೇಳಿತು. ಅದು ವಾಯವ್ಯದ ಅಡಿಕೆ ಮರಗಳ ಹಿಂದೆ. ಬ್ರಹ್ಮಹೃದಯ ಈಶಾನ್ಯದ ಮರಗಳ ಹಿಂದೆ. ಧ್ರುವ ನಕ್ಷತ್ರ ನಮ್ಮಲ್ಲಿ ನೆಲದಿಂದ ಏರುವುದೇ ಸುಮಾರು 15 ಡಿಗ್ರಿ, ತೋಟ ಮಾರಿದರೆ ಮಾತ್ರ ದರ್ಶನ. ಅಂತೂ ಶ್ರವಣ, ರೋಹಿಣಿ ಸಿಕ್ಕವು. ಕೊಳವೆ ಈ ಸಲ ಮರ್ಯಾದೆಯಿಂದ ಮೇಲೆ ತಿರುಗಿತು. ಶನಿ ಕಂಡಿತು. 2025ರ ಮಾರ್ಚಿಗೆ ಬಳೆಯ ಅಂಚು ಮಾತ್ರ ನಮ್ಮ ಕಡೆ ಬರುವುದಿತ್ತು. ಸುಮಾರು 15 ವರ್ಷಕ್ಕೊಮ್ಮೆ ಹೀಗಾಗುತ್ತದೆ. ಹಾಗಾಗಿ ಬಳೆ ಆಗಲೇ ತೆಳ್ಳಗೆ ಗೆರೆಯಂತಾಗಿತ್ತು. ಶನಿಗೂ ಸೊರಗುವ ಕಾಲ ಬಂತಲ್ಲ ಎಂದು ದೊಡ್ಡಪ್ಪನಿಗೆ ಸಮಾಧಾನ.

ಸುಲಿಯುವವರೂ ಕತ್ತಿ ಬಿಟ್ಟು ಬಂದರು. ಗುರುವಿನ ಪಕ್ಕ ಸಾಲಾಗಿ ನಾಲ್ಕು ಚುಕ್ಕಿ. 1610ರಲ್ಲಿ ಗೆಲಿಲಿಯೊ ಕಂಡ ಚಂದ್ರರು ಇವೇ ಎಂದು ಹುಡುಗ ವಿವರಿಸಿದ. ದೊಡ್ಡಪ್ಪ ಕಣ್ಣು ತೆಗೆಯದೆ ಕೇಳಿದ, “ನಾಕು ಚಂದ್ರ ಇದ್ರೆ ಅಲ್ಲಿ ಏಕಾದಶಿ ಎಷ್ಟು?”

ಒಳಗಿನ ಚಂದ್ರ ಅಯೋ 42 ಗಂಟೆಗೆ ಒಂದು ಸುತ್ತು ಹಾಕುತ್ತದೆ, ಅದೊಂದರ ಲೆಕ್ಕದಲ್ಲೇ ನಮ್ಮ ಒಂದು ದಿನ ಮುಗಿಯುವುದರೊಳಗೆ ಒಂದು ಏಕಾದಶಿ ಬರುತ್ತದೆ ಎಂದ ಹುಡುಗ.

ಹಿಂದೆ ನಿಂತಿದ್ದ ಆಯಿ, “ಹಂಗಾರೆ ಅಲ್ಲಿ ಅಡುಗೆ ಕೆಲ್ಸವೇ ಇಲ್ಲೆ. ಎಲ್ಲಿ, ಆನೂ ಒಂಚೂರು ನೋಡ್ತಿ” ಎಂದು ಮುಂದೆ ಬಂದಳು.